ಬೆಳಕಿನ ಬಲ್ಬು, ಕಾವಿನ ಬಲ್ಬು



ದನಕರು ಕೊಟ್ಟಿಗೆ ಸೇರಿ, ನೀವೂ ಕೈಕಾಲು ತೊಳೆದು ಕುಳಿತಿರುವ ಹೊತ್ತಿದು. ತಲೆ ಎತ್ತಿ ನಿಮ್ಮ ಪಡಸಾಲೆಯ ದೀಪವನ್ನೊಮ್ಮೆ ನೋಡಿ. ಹಳೆಯ ಬುರುಡೆ ಬಲ್ಬೋ, ಎಲ್.ಇ.ಡಿ. ಬಲ್ಬೋ? 2015ರಲ್ಲಿ ಕೇಂದ್ರದ ಉಜಾಲಾ ಯೋಜನೆಯು ನಮ್ಮ ರಾಜ್ಯಕ್ಕೆ ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದ ಮೇಲೆ ಎಲ್.ಇ.ಡಿ. ಬಲ್ಬು ಹಳ್ಳಿಗಳಿಗೂ ಬಂತು. ಆದರೂ ಹೋದಲ್ಲೆಲ್ಲ ನನ್ನನ್ನು ಕೇಳುವವರಿದ್ದಾರೆ: “ಏನ್ ಸಾರ್, ಇರೋ ಬಲ್ಬೆಲ್ಲಾ ತೆಗೆದು ಇದನ್ನೇ ಹಾಕ್ಬೇಕಾ?” ಈ ದಿನ ಅದನ್ನೇ ಕುರಿತು ನಾಲ್ಕು ಮಾತು.

ಬುರುಡೆ ಬಲ್ಬಿನೊಳಗೆ ಕೂದಲೆಳೆಯಂಥ ತಂತಿಯಿದೆ. ಅದು ಕೆಂಡದಂತೆ ಕಾದಾಗ ಬೆಳಕು ಬರುತ್ತದೆ. ಅದು ನುಂಗುವ ವಿದ್ಯುತ್ತಿನ ಹತ್ತು ಪಾಲಿನಲ್ಲಿ ಒಂಬತ್ತಕ್ಕೂ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. ಎಲ್.ಇ.ಡಿ.ಯಲ್ಲಿ ಕಾಯುವ ತಂತಿಯಿಲ್ಲ. ಆದಕಾರಣ 60 ವಾಟಿನ ಬುರುಡೆ ಬಲ್ಬು ಕೊಡುವಷ್ಟು ಬೆಳಕನ್ನು 9 ವಾಟಿನ ಎಲ್.ಇ.ಡಿ. ಕೊಡುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಸಾವಿರ ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಪಡಸಾಲೆಯ ಬಲ್ಬು ದಿನಕ್ಕೆ 5 ಗಂಟೆ ಉರಿಯುತ್ತದೆನ್ನಿ. ತಿಂಗಳಿಗೆ ಬುರುಡೆ ಬಲ್ಬು 9 ಯೂನಿಟ್ಟು ತಿನ್ನುತ್ತದೆ, ಎಲ್.ಇ.ಡಿ. ಒಂದೂಕಾಲು ಯೂನಿಟ್ಟಿಗೆ ಚೂರು ಹೆಚ್ಚು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ ಸುಮಾರು 46 ರೂಪಾಯಿ ಉಳಿಯಿತು. ಬಲ್ಬಿಗೆ 100 ರೂಪಾಯಿ ಕೊಟ್ಟಿದ್ದರೆ ಎರಡೂವರೆ ತಿಂಗಳೊಳಗೆ ಹಾಕಿದ ದುಡ್ಡು ಕೈಗೆ ಬಂತು.

ಆದರೆ ಕಾಳು ತುಂಬುವ ಕೋಣೆಯ ಬಲ್ಬು ದಿನಕ್ಕೆ ಹತ್ತು ನಿಮಿಷ ಉರಿದರೆ ಹೆಚ್ಚು. ಅಲ್ಲಿ ತಿಂಗಳಿಗೆ ಉಳಿಯುವುದು ಒಂದೂವರೆ ರೂಪಾಯಿ. ಅದೇ 100 ರೂಪಾಯಿ ಮರಳಿ ಬರಲು ಐದು ವರ್ಷ ದಾಟುತ್ತದೆ. ಆ ಬಲ್ಬು ಸುಟ್ಟುಹೋಗುವ ತನಕ ಅದರ ಪಾಡಿಗೆ ಅದಿರಲಿ.

“ನಮಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರೋದಿಲ್ಲ, ನಮಗ್ಯಾಕೆ ಉಳಿತಾಯ?” ಎನ್ನುವವರೂ ಉಂಟು. ಮಾತು ಸರಿ. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ಟಿನೊಳಗೇ ಇದ್ದರೆ ಕೈಯಿಂದ ಕೊಡುವುದೇನೂ ಇಲ್ಲ. ಆದರೆ ಆ ಮಿತಿ ದಾಟಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು. 200 ಯೂನಿಟ್ಟು ದಾಟಿದರಂತೂ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಮಿತಿಯ ಅಂಚಿನಲ್ಲಿರುವ ಮನೆಗೆ ಏಳೆಂಟು ಯೂನಿಟ್ಟು ಸಣ್ಣದಲ್ಲ. ಕರೆಂಟು ಹೋದಾಗ ಬ್ಯಾಟರಿಯಿಂದ ದೀಪ ಉರಿಸುವ ಮನೆಗೂ ಲಾಭವಿದೆ. ಅದೇ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ.

ಇಷ್ಟು ಹೇಳಿ ಮುಗಿಸಿದ್ದರೆ ನಾನು ಹಿಂದೆ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತಿತ್ತು. ಒಂದು ಊರಿನ ಸಭೆಯಲ್ಲಿ ನಾನು, “ಬುರುಡೆ ಬಲ್ಬು ಒಂದೂ ಉಳಿಸಬೇಡಿ, ಎಲ್ಲಾ ಬದಲಾಯಿಸಿ” ಎಂದುಬಿಟ್ಟಿದ್ದೆ. ಒಬ್ಬ ರೈತರು ನನ್ನ ಮಾತು ನಂಬಿ ಮನೆಯ ಬಲ್ಬೆಲ್ಲಾ ಬದಲಾಯಿಸಿದರು, ಹಿತ್ತಿಲಲ್ಲಿ ಕೋಳಿಮರಿಗಳ ಮೇಲೆ ತೂಗುಹಾಕಿದ್ದ ಬಲ್ಬನ್ನೂ ಸೇರಿಸಿ. ಧನುರ್ಮಾಸದ ಚಳಿ. ತಾಯಿಕೋಳಿಯಿಲ್ಲದ, ನಾಲ್ಕು ದಿನದ 50 ಮರಿಗಳು. ಬೆಳಗಾಗುವಷ್ಟರಲ್ಲಿ ಒಂದರ ಮೇಲೊಂದು ಬಿದ್ದು 14 ಮರಿ ಸತ್ತಿದ್ದವು. ನಾನು ಹೋದಾಗ ಆ ಮನೆಯ ತಾಯಿ ಬೈಯಲಿಲ್ಲ. “ಬೆಳಕೇನೋ ಬಂತು ಸ್ವಾಮಿ, ಕಾವು ಹೋಯ್ತು” ಎಂದರು. ಅಷ್ಟೇ. ಆ ಮಾತು ನನಗೆ ಇಂದಿಗೂ ಪಾಠ.

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ಮರಿಯೊಂದಕ್ಕೆ ಒಂದರಿಂದ ಎರಡು ವಾಟು ಲೆಕ್ಕ. 50 ಮರಿಗೆ 60 ವಾಟಿನ ಬುರುಡೆ ಬಲ್ಬು ಒಂದು, ಚಳಿ ಹೆಚ್ಚಿದ್ದರೆ ಎರಡು. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಕಾವು ಸಾಲದು. ದೂರ ಸರಿದು ಬಾಯಿ ತೆರೆದರೆ ಹೆಚ್ಚಾಯಿತು. ಬಲ್ಬು ಹುಲ್ಲಿಗೆ, ಹೊಟ್ಟಿಗೆ ತಾಕದಂತೆ, ಕಳಚಿ ಬೀಳದಂತೆ ಭದ್ರವಾಗಿ ಕಟ್ಟಿ. ಇಲ್ಲದಿದ್ದರೆ ಬೆಂಕಿಯ ಭಯ.

ಕೊಳ್ಳುವಾಗ ಅಗ್ಗವೆಂದು ಸಂತೆಯ ಹೆಸರಿಲ್ಲದ ಬಲ್ಬು ತರಬೇಡಿ. ಡಬ್ಬಿಯ ಮೇಲೆ ಐ.ಎಸ್.ಐ. ಗುರುತಿನಂಥ ಬಿ.ಐ.ಎಸ್. ಮುದ್ರೆಯೂ ‘ಆರ್’ ಅಕ್ಷರದ ನೋಂದಣಿ ಸಂಖ್ಯೆಯೂ ಇವೆಯೇ ನೋಡಿ. ಬೆಳಕಿನ ಅಳತೆ ಲ್ಯೂಮೆನ್. 60 ವಾಟಿನ ಬುರುಡೆ ಬಲ್ಬಿಗೆ ಬದಲಾಗಿ ಹಾಕುವುದಾದರೆ 800ರ ಆಸುಪಾಸು ಇರಲಿ. ಗ್ಯಾರಂಟಿ ಬರೆಸಿಕೊಂಡು ರಸೀದಿ ಇಟ್ಟುಕೊಳ್ಳಿ. ಗಾಳಿಯಾಡದ ಮುಚ್ಚಿದ ಗಾಜಿನ ಗೂಡಿನೊಳಗೆ ಹಾಕಿದರೆ ಎಲ್.ಇ.ಡಿ. ಬೇಗ ಕೆಡುತ್ತದೆ. ಹಳೆಯ ಟ್ಯೂಬ್‌ಲೈಟಿನ ಪಟ್ಟಿಗೆ ಎಲ್.ಇ.ಡಿ. ಟ್ಯೂಬು ಹಾಕುವುದಾದರೆ ವೈರಿಂಗು ಬದಲಾಯಿಸಬೇಕಾಗಬಹುದು. ಆ ಕೆಲಸ ಬಲ್ಲವರಿಂದಲೇ ಮಾಡಿಸಿ.

ಆದ್ದರಿಂದ ನಾಳೆ ಬೆಳಿಗ್ಗೆ ಮನೆಯೆಲ್ಲಾ ಒಂದು ಸುತ್ತು ಬನ್ನಿ. ಹೆಚ್ಚು ಹೊತ್ತು ಉರಿಯುವ ಬಲ್ಬನ್ನು ಮೊದಲು ಬದಲಾಯಿಸಿ. ಅಪರೂಪಕ್ಕೆ ಉರಿಯುವುದು ಸುಟ್ಟಾಗ ಬದಲಾಯಿಸಿ. ಕಾವಿಗಾಗಿ ಕಟ್ಟಿದ ಬಲ್ಬಿಗೆ ಕೈ ಹಚ್ಚಬೇಡಿ. ಯಾವ ಬಲ್ಬು ಯಾತಕ್ಕೆ ಎಂಬುದು ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅವರನ್ನು ಒಂದು ಮಾತು ಕೇಳಿಯೇ ಹೋಲ್ಡರಿಗೆ ಕೈ ಹಾಕಿ.