ಎರಿ ಹೊಲದ ಹೊಂಡಕ್ಕೆ ಹಂಗೇರಿಯ ಗೆಂಡೆ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಕುಂದಗೋಳ, ಸಂಶಿ ದಾಟಿ ಗುಡಗೇರಿಗೆ ಬರುವಷ್ಟರಲ್ಲಿ ಕಿಟಕಿಯಾಚೆ ಬರೀ ಎರಿ ಹೊಲ. ಹತ್ತಿ, ಮೆಣಸಿನಕಾಯಿ, ಅಲ್ಲಲ್ಲಿ ಕೃಷಿ ಹೊಂಡ. ಬೆಳೆಗೆಂದು ತೋಡಿದ ಹೊಂಡದಲ್ಲಿ ಮೀನಮರಿ ಬಿಟ್ಟವರದು ಹಳೆಯ ತಕರಾರೊಂದಿದೆ: ‘ಆರ ತಿಂಗಳಾತು, ಇನ್ನೂ ಬೊಟ್ಟಿನಷ್ಟ ಅದಾವಲ್ರೀ!’

ಈ ತಕರಾರಿಗೆ ಉತ್ತರ ಹುಡುಕಿದವರು ಮೀನುಗಾರಿಕೆ ಕಲಿಸುವ ಮೇಷ್ಟ್ರುಗಳು. ಮೀನುಗಾರಿಕೆಯನ್ನೇ ಪದವಿ ವಿಷಯವಾಗಿ ಕಲಿಸುವ ದೇಶದ ಮೊದಲ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು. ಆಗ ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೂಸು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬೆಂಗಳೂರಿನ ಬಳಿಯ ಹೆಸರಘಟ್ಟದ ಸಂಶೋಧನಾ ಕೇಂದ್ರವೂ ಇದೇ ಮನೆತನದ್ದು. ವಿದೇಶಿ ವಿಶ್ವವಿದ್ಯಾಲಯದೊಡನೆ ಒಡಂಬಡಿಕೆ ಎಂದರೆ ನಮ್ಮಲ್ಲಿ ಶಾಲು, ಹಾರ, ಫೋಟೊಗಳಲ್ಲೇ ಮುಗಿಯುವುದುಂಟು. ಹೆಸರಘಟ್ಟದಲ್ಲಿ ಹಾಗಾಗಲಿಲ್ಲ. ಅಲ್ಲಿನವರು ಕೈಗೆತ್ತಿಕೊಂಡದ್ದು ಹೊಂಡದ ಆ ತಕರಾರನ್ನೇ.

1957ರಲ್ಲಿ ಬ್ಯಾಂಕಾಕಿನಿಂದ ಭಾರತಕ್ಕೆ ಬಂದ ಸಾಮಾನ್ಯ ಗೆಂಡೆ ರೈತರಿಗೆ ಒಗ್ಗಿದ ಮೀನು. ಕಾಟ್ಲಾ, ರೋಹು ಹರಿಯುವ ಹೊಳೆಯಿಲ್ಲದೆ ಮೊಟ್ಟೆಯಿಡುವುದಿಲ್ಲ, ಅವಕ್ಕೆ ಹಾರ್ಮೋನು ಚುಚ್ಚಬೇಕು. ಗೆಂಡೆಗೆ ಆ ಬಿಂಕವಿಲ್ಲ. ನಿಂತ ನೀರಿನಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸಿಬಿಡುತ್ತದೆ. ಗುಣವೇ ಕುತ್ತಾದದ್ದೂ ಇಲ್ಲೇ. ನಮ್ಮ ಬೆಚ್ಚನೆಯ ನೀರಿನಲ್ಲಿ ಅದು ಆರು ತಿಂಗಳೊಳಗೇ ಬಲಿತು, ತಿಂದದ್ದನ್ನು ಮೈಗೆ ಹಾಕದೆ ಮೊಟ್ಟೆಗೆ ಸುರಿಯುತ್ತದೆ. ಹೊಂಡದ ತುಂಬ ಮರಿಗಳಾಗುತ್ತವೆ, ಇದ್ದ ಮೇವು ಎಲ್ಲರಿಗೂ ಸಾಲದೆ ಎಲ್ಲವೂ ಕುಳ್ಳಗೆ ಉಳಿಯುತ್ತವೆ. ರೈತನ ಆರೈಕೆಯಲ್ಲಿ ತಪ್ಪಿರಲಿಲ್ಲ, ತಪ್ಪು ತಳಿಯಲ್ಲಿತ್ತು.

ಹೆಸರಘಟ್ಟದ ವೈ. ಬಸವರಾಜು ಮತ್ತವರ ಸಂಗಡಿಗರು ತಳಿಯ ಈ ತಪ್ಪನ್ನು ತಿದ್ದಲು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಡೇವಿಡ್ ಪೆನ್ಮನ್ ಜೊತೆ ಕೈಜೋಡಿಸಿದರು. ಖರ್ಚಿಗೆ ಬ್ರಿಟನ್ ಸರ್ಕಾರದ ನೆರವಿತ್ತು. ಹಂಗೇರಿ, ವಿಯೆಟ್ನಾಂ, ಇಂಡೊನೇಷ್ಯಾಗಳ ಗೆಂಡೆ ತಳಿಗಳನ್ನು ತರಿಸಿ, ಊರಿನ ಗೆಂಡೆಯ ಪಕ್ಕದಲ್ಲೇ ಸಾಕಿ, ತೂಗಿ ನೋಡಿದರು. ಗೆದ್ದದ್ದು ಹಂಗೇರಿಯಿಂದ ಬಂದ ‘ಅಮೂರ್’. ಚೀನಾ–ರಷ್ಯಾ ಗಡಿಯ ಹೊಳೆಯ ಹೆಸರು ಅದು, ತಳಿಯ ಮೂಲವೂ ಅಲ್ಲಿಯದೇ. ಬೇಗ ಬೆಳೆಯುತ್ತದೆ, ತಡವಾಗಿ ಬಲಿಯುತ್ತದೆ. ರೈತನಿಗೆ ಬೇಕಾದದ್ದು ಅಷ್ಟೇ ಅಲ್ಲವೇ?

ಮಂಗಳೂರಿನಲ್ಲಿ ಪಿ. ಕೇಶವನಾಥ್ ಅವರ ತಂಡದ್ದು ಇನ್ನೊಂದು ಬಗೆಯ ಜಾಣತನ. ನೆದರ್ಲೆಂಡ್ಸಿನ ವಾಗೆನಿಂಗನ್, ಸ್ಟರ್ಲಿಂಗ್ ಮತ್ತು ಬಾಂಗ್ಲಾದೇಶದ ವಿದ್ವಾಂಸರೊಡನೆ ಸೇರಿ ಹೊಂಡದಲ್ಲಿ ಬಿದಿರು ನೆಟ್ಟು, ಕಬ್ಬಿನ ಸಿಪ್ಪೆ ಇಳಿಬಿಟ್ಟು ನೋಡಿದರು. ಅದರ ಮೇಲೆ ಕಟ್ಟುವ ಲೋಳೆಪಾಚಿಯನ್ನು ಮೀನು ಮೇಯುತ್ತದೆ. ಕೊಂಡು ತರುವ ಮೇವಿನ ಖರ್ಚು ಅಷ್ಟು ಉಳಿಯಿತು. ಬಿಳಿಚುಕ್ಕೆ ರೋಗ ಕರಾವಳಿಯ ಸಿಗಡಿಯನ್ನು ಬಲಿ ತೆಗೆದುಕೊಂಡಾಗ ಅದರ ವೈರಾಣುವಿನ ಬೆನ್ನುಹತ್ತಿದ ಇಂದ್ರಾಣಿ ಮತ್ತು ಇಡ್ಯ ಕರುಣಾಸಾಗರ ದಂಪತಿಯೂ ಇದೇ ಕಾಲೇಜಿನವರು. ಇಡ್ಯ ಅವರು ಮುಂದೆ ರೋಮಿನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲೂ ದುಡಿದರು.

ಒಂದು ಅಳುಕು ಮಾತ್ರ ಉಳಿಯುತ್ತದೆ. ಅಮೂರ್ ತಾಯಿಮೀನನ್ನು ಊರಿನ ಗೆಂಡೆಯೊಡನೆ ಕಲೆಸದೆ, ಒಂದೇ ಸಂಸಾರದೊಳಗೆ ಮರಿ ಮಾಡಿಸದೆ ಕಾಯುವ ಕೆಲಸ ಮರಿ ಉತ್ಪಾದಿಸುವವರ ಕೈಯಲ್ಲಿದೆ. ಅಲ್ಲಿ ಎಡವಿದರೆ ಕೆಲವು ತಲೆಮಾರಿನಲ್ಲಿ ಮತ್ತೆ ಅದೇ ಬೊಟ್ಟಿನಷ್ಟು ಮೀನು. ಅದಕ್ಕೇ ಗುಡಗೇರಿ ಕಡೆಯವರು ಮರಿ ಕೊಳ್ಳುವಾಗ ‘ಅಮೂರ್ ಐತೇನ್ರಿ?’ ಎಂದಷ್ಟೇ ಕೇಳಿ ಸುಮ್ಮನಾಗದೆ, ‘ತಾಯಿಮೀನ ಎಲ್ಲೀದ್ರಿ?’ ಎಂದೂ ಕೇಳಬೇಕು.