ಕಾರಿನ ಬ್ರೇಕು : ದೋಷದ ಮುನ್ಸೂಚನೆಗಳು

ಯಂತ್ರಕ್ಕೆ ಚಲನೆಯನ್ನು ಕೊಡುವ ವಿದ್ಯೆ ಎಷ್ಟು ದೊಡ್ಡದೋ, ಕೊಟ್ಟ ಚಲನೆಯನ್ನು ಬೇಕೆಂದಾಗ ಬೇಕಾದೆಡೆಯಲ್ಲಿ ತಡೆದು ನಿಲ್ಲಿಸುವ ವಿದ್ಯೆಯೂ ಅಷ್ಟೇ ದೊಡ್ಡದು. ಕಾರು ಕೊಳ್ಳುವವರು ಅದರ ಬಣ್ಣವನ್ನು ನೋಡುತ್ತಾರೆ. ಎಂಜಿನ್ನಿನ ಶಕ್ತಿಯನ್ನು ವಿಚಾರಿಸುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆಂದು ಕೇಳುತ್ತಾರೆ. ಬ್ರೇಕಿನ ವಿಷಯವನ್ನು ಕೇಳುವವರು ವಿರಳ. ಎಂಜಿನ್ ಕೆಟ್ಟರೆ ವಾಹನವು ನಿಲ್ಲುತ್ತದೆ. ಪ್ರಯಾಣ ತಡವಾಗುತ್ತದೆ, ಅಷ್ಟೆ. ಬ್ರೇಕು ಕೆಟ್ಟರೆ ವಾಹನವು ನಿಲ್ಲುವುದಿಲ್ಲ. ಮೊದಲನೆಯದರಿಂದ ಆಗುವ ನಷ್ಟವನ್ನು ಹಣದಿಂದ ತುಂಬಬಹುದು. ಎರಡನೆಯದರಿಂದ ಆಗುವ ನಷ್ಟವನ್ನು ಯಾವುದರಿಂದಲೂ ತುಂಬಲಾಗದು.

ಸಮಾಧಾನದ ಸಂಗತಿಯೆಂದರೆ, ಬ್ರೇಕು ಮುನ್ಸೂಚನೆಯಿಲ್ಲದೆ ಕೈಕೊಡುವುದು ಬಹು ಅಪರೂಪ. ದೇಹದಲ್ಲಿ ರೋಗವು ಬಲಿಯುವ ಮೊದಲು ಜ್ವರ, ನೋವುಗಳಿಂದ ತನ್ನ ಇರವನ್ನು ತಿಳಿಸುವಂತೆ ಬ್ರೇಕೂ ಸಪ್ಪಳದಿಂದ, ವಾಸನೆಯಿಂದ, ಕಾಲಡಿಯ ಸ್ಪರ್ಶದಿಂದ ತನ್ನ ದೋಷವನ್ನು ಹೇಳಿಕೊಳ್ಳುತ್ತದೆ. ಆ ಭಾಷೆಯನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಪಂಚೇಂದ್ರಿಯಗಳಲ್ಲಿ ನಾಲಗೆಯೊಂದನ್ನು ಬಿಟ್ಟು ಉಳಿದ ನಾಲ್ಕೂ ಎಚ್ಚರವಾಗಿದ್ದರೆ ಸಾಕು.

ಬ್ರೇಕು ಮಾಡುವ ಕೆಲಸ

ಓಡುತ್ತಿರುವ ವಾಹನದಲ್ಲಿ ಚಲನಶಕ್ತಿಯು ತುಂಬಿರುತ್ತದೆ. ವಾಹನ ನಿಲ್ಲಬೇಕಾದರೆ ಈ ಶಕ್ತಿ ಬೇರೊಂದು ರೂಪವನ್ನು ತಾಳಲೇಬೇಕು. ಬ್ರೇಕು ಘರ್ಷಣೆಯ ಮೂಲಕ ಅದನ್ನು ಶಾಖವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಡುತ್ತದೆ. ಸಾವಿರ ಕಿಲೋಗ್ರಾಮ್ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 50,000 ಜೌಲ್. ವೇಗವು ಇಮ್ಮಡಿಸಿ 72 ಕಿ.ಮೀ. ಆದರೆ ಶಕ್ತಿಯು ಇಮ್ಮಡಿಯಲ್ಲ, ನಾಲ್ಮಡಿಯಾಗಿ 2 ಲಕ್ಷ ಜೌಲ್ ಆಗುತ್ತದೆ. ಒಂದು ಲೀಟರು ನೀರನ್ನು ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಬಲ್ಲ ಈ ಶಾಖವು ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕುಗಳಲ್ಲಿ ಹುಟ್ಟುತ್ತದೆ.

ಬ್ರೇಕು ದುರ್ಬಲವಾದರೆ ಏನಾಗುತ್ತದೆಂಬುದನ್ನೂ ಲೆಕ್ಕದಿಂದಲೇ ಕಾಣಬಹುದು. 72 ಕಿ.ಮೀ. ವೇಗದ ಕಾರು ಸೆಕೆಂಡಿಗೆ 20 ಮೀಟರು ಕ್ರಮಿಸುತ್ತದೆ. ಅಪಾಯವನ್ನು ಕಂಡು ಕಾಲು ಪೆಡಲಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 20 ಮೀಟರು ಸಂದಿರುತ್ತದೆ. ಉತ್ತಮವಾದ ಬ್ರೇಕು ಒಣರಸ್ತೆಯಲ್ಲಿ ವೇಗವನ್ನು ಪ್ರತಿ ಸೆಕೆಂಡಿಗೆ 7 ಮೀಟರಿನಂತೆ ಕುಗ್ಗಿಸಿದರೆ ಮತ್ತೆ ಸುಮಾರು 29 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಬ್ರೇಕಿನ ಬಲ ಅರ್ಧಕ್ಕಿಳಿದರೆ 57 ಮೀಟರು ಬೇಕಾಗುತ್ತದೆ. ಮೊದಲ ಕಾರು ಪೂರ್ಣ ನಿಂತಿರುವ ಜಾಗವನ್ನು ಎರಡನೆಯ ಕಾರು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಹಾದುಹೋಗುತ್ತಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುತ್ತಿರುವ ಮಗುವೊಂದಿದ್ದರೆ ಈ ಲೆಕ್ಕದ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ರಚನೆಯ ಪರಿಚಯ

ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಕಾರಿನ ಬ್ರೇಕು ಆ ನಿಯಮದ ನಿತ್ಯ ಪ್ರಯೋಗ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ಪ್ರತಿ ಚಕ್ರಕ್ಕೂ ತಲಪುತ್ತದೆ. ಇಂಥ ದ್ರವಚಾಲಿತ ಬ್ರೇಕನ್ನು ನಾಲ್ಕು ಚಕ್ರಗಳಿಗೂ ಅಳವಡಿಸಿದ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು 1921ರಲ್ಲಿ ಮಾರುಕಟ್ಟೆಗೆ ಬಂದಿತು.

ಚಕ್ರದಲ್ಲಿರುವ ಬ್ರೇಕು ಎರಡು ಬಗೆಯದು. ಡ್ರಮ್ ಬ್ರೇಕಿನಲ್ಲಿ ಲೈನಿಂಗು ಹೊದಿಸಿದ ಎರಡು ಷೂಗಳು ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಡಿಸ್ಕ್ ಬ್ರೇಕಿನಲ್ಲಿ ತಿರುಗುವ ಲೋಹದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕೆಲಗಳಿಂದ ಹಿಡಿಯುತ್ತವೆ. ಈ ಹಿಡಿಕೆಗೆ ಕ್ಯಾಲಿಪರ್ ಎಂದು ಹೆಸರು. ಒಂದು ಕಾಲದಲ್ಲಿ ನಮ್ಮ ರಸ್ತೆಗಳನ್ನು ಆಳಿದ ಹಳೆಯ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ನಾಲ್ಕೂ ಡ್ರಮ್ ಬ್ರೇಕುಗಳೇ. ಈಗಿನ ಬಹುಪಾಲು ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಇರುತ್ತದೆ. ಬ್ರೇಕು ಹಾಕಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಮೇಲೆಯೇ ಹೆಚ್ಚಿನ ಹೊಣೆ ಬೀಳುತ್ತದೆ. ಡಿಸ್ಕು ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಕಾಲಿನ ಬಲಕ್ಕೆ ನೆರವಾಗಲು ಎಂಜಿನ್ನಿನ ನಿರ್ವಾತದಿಂದ ಕೆಲಸಮಾಡುವ ಬೂಸ್ಟರು ಸಾಮಾನ್ಯವಾಗಿ ಇರುತ್ತದೆ.

ಕಿವಿಗೆ ಕೇಳುವ ಲಕ್ಷಣಗಳು

ಹೊಸ ಪ್ಯಾಡಿನ ಘರ್ಷಣಾವಸ್ತು ಸಾಧಾರಣವಾಗಿ 10ರಿಂದ 12 ಮಿಲಿಮೀಟರು ದಪ್ಪವಿರುತ್ತದೆ. ಅದು ಸವೆದು 3 ಮಿಲಿಮೀಟರಿಗೆ ಬಂದಾಗ ಬದಲಾಯಿಸುವುದು ಕ್ಷೇಮ. ಈ ಸ್ಥಿತಿಯನ್ನು ತಿಳಿಸಲೆಂದೇ ಹಲವು ಪ್ಯಾಡುಗಳಲ್ಲಿ ಸಣ್ಣ ಲೋಹದ ನಾಲಗೆಯೊಂದನ್ನು ಇಟ್ಟಿರುತ್ತಾರೆ. ಪ್ಯಾಡು ತೆಳುವಾದಾಗ ಅದು ಡಿಸ್ಕಿಗೆ ತಗುಲಿ ‘ಕೀ’ ಎಂಬ ತೀಕ್ಷ್ಣವಾದ ಸ್ವರವನ್ನು ಹೊರಡಿಸುತ್ತದೆ. ಮಳೆಗಾಲದ ಮುಂಜಾನೆ ಮೊದಲ ಒಂದೆರಡು ಬಾರಿ ಕೀರಲು ಸದ್ದು ಕೇಳಿ ಆಮೇಲೆ ನಿಂತರೆ ಭಯಪಡಬೇಕಾಗಿಲ್ಲ. ಅದು ರಾತ್ರಿ ಡಿಸ್ಕಿನ ಮೇಲೆ ಕೂತ ತೇವ, ತುಕ್ಕುಗಳ ಸದ್ದು. ದಿನವಿಡೀ ಕೇಳಿದರೆ ಪ್ಯಾಡು ಸವೆದಿದೆಯೆಂದು ಶಂಕಿಸಬೇಕು.

ಆ ಕೀರಲು ಸದ್ದನ್ನು ಅಲಕ್ಷಿಸಿದರೆ ಮುಂದೆ ‘ಗರಗರ’ ಎಂಬ ಒರಟು ಶಬ್ದ ಹುಟ್ಟುತ್ತದೆ. ಘರ್ಷಣಾವಸ್ತು ಪೂರ್ತಿ ಮುಗಿದು ಪ್ಯಾಡಿನ ಹಿಂಬದಿಯ ಉಕ್ಕು ಡಿಸ್ಕಿನ ಲೋಹವನ್ನು ಕೊರೆಯುತ್ತಿದೆಯೆಂಬುದು ಇದರ ಅರ್ಥ. ಪ್ಯಾಡಿನ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಡಿಸ್ಕಿನ ಖರ್ಚಿಗೂ ದಾರಿಮಾಡುತ್ತದೆ. ನಿಲ್ಲುವ ದೂರವೂ ಹೆಚ್ಚುತ್ತದೆ. ಈ ಶಬ್ದ ಕೇಳಿದ ಮೇಲೆ ವಾಹನವನ್ನು ದೂರದ ಪ್ರಯಾಣಕ್ಕೆ ತೆಗೆಯಕೂಡದು.

ಕಾಲಿಗೆ ತಿಳಿಯುವ ಲಕ್ಷಣಗಳು

ಪೆಡಲು ಬ್ರೇಕಿನ ನಾಡಿಯಿದ್ದಂತೆ. ನುರಿತ ಚಾಲಕನು ಅದನ್ನು ಒತ್ತಿದೊಡನೆ ವ್ಯತ್ಯಾಸವನ್ನು ಅರಿಯುತ್ತಾನೆ.

ಪೆಡಲು ಮೆತ್ತಗೆ, ಹತ್ತಿಯನ್ನು ತುಳಿದಂತೆ ಅನ್ನಿಸಿದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಊಹಿಸಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಆದುದರಿಂದ ಕಾಲಿನ ಬಲದ ಒಂದು ಪಾಲು ಆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ.

ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಎಲ್ಲಿಯೋ ಆಯಿಲ್ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಒಳಗಣ ರಬ್ಬರು ಸೀಲುಗಳು ಸವೆದು ಒತ್ತಡ ನಿಲ್ಲುತ್ತಿಲ್ಲ. ಇದು ಎಲ್ಲ ಲಕ್ಷಣಗಳಲ್ಲಿ ಅತ್ಯಂತ ಗಂಭೀರವಾದುದು.

ಪೆಡಲು ಕಲ್ಲಿನಂತೆ ಗಟ್ಟಿಯಾಗಿ, ಎಷ್ಟು ಒತ್ತಿದರೂ ಕಾರು ನಿಲ್ಲಲು ತಡಮಾಡಿದರೆ ಬೂಸ್ಟರಿನ ದೋಷವಿರಬಹುದು. ಇದನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ, ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟು, ಅನಂತರ ಒತ್ತಿ ಹಿಡಿದಿರುವಾಗಲೇ ಎಂಜಿನ್ ಚಾಲೂ ಮಾಡಬೇಕು. ಬೂಸ್ಟರು ಸರಿಯಿದ್ದರೆ ಪೆಡಲು ಕಾಲಡಿಯಲ್ಲಿ ಸ್ವಲ್ಪ ಇಳಿಯುತ್ತದೆ. ಇಳಿಯದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಸಾಧಾರಣ ವೇಗದಲ್ಲಿ ಬ್ರೇಕು ಹಾಕುವಾಗಲೆಲ್ಲ ಪೆಡಲು ಮಿಡಿಯುವಂತೆ ನಡುಗಿದರೆ ಡಿಸ್ಕಿನ ದಪ್ಪವು ಎಲ್ಲೆಡೆ ಒಂದೇ ಸಮನಾಗಿಲ್ಲ ಎಂದರ್ಥ. ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ವ್ಯವಸ್ಥೆಯಿರುವ ಕಾರಿನಲ್ಲಿ, ಜಾರುರಸ್ತೆಯಲ್ಲಿ ಹಠಾತ್ತನೆ ಬಲವಾಗಿ ಒತ್ತಿದಾಗ ಪೆಡಲು ಕಂಪಿಸುವುದು ಮಾತ್ರ ದೋಷವಲ್ಲ. ಅದು ಆ ವ್ಯವಸ್ಥೆ ಕೆಲಸಮಾಡುತ್ತಿರುವುದರ ಕುರುಹು. ಆಗ ಬೆದರಿ ಕಾಲನ್ನು ತೆಗೆಯಬಾರದು.

ಕೈ, ಕಣ್ಣು, ಮೂಗು

ಬ್ರೇಕು ಹಾಕಿದಾಗ ಕಾರು ಎಡಕ್ಕೋ ಬಲಕ್ಕೋ ಎಳೆಯುವುದನ್ನು ಸ್ಟಿಯರಿಂಗು ಹಿಡಿದ ಕೈ ಅರಿಯುತ್ತದೆ. ಟೈರುಗಳ ಗಾಳಿಯಲ್ಲಿನ ವ್ಯತ್ಯಾಸ, ಒಂದು ಪಕ್ಕದ ಕ್ಯಾಲಿಪರ್ ಬಿಗಿದಿರುವುದು, ಒಂದು ಚಕ್ರದ ಲೈನಿಂಗಿಗೆ ಆಯಿಲ್ ಅಥವಾ ಗ್ರೀಸು ತಾಗಿರುವುದು ಇದರ ಮುಖ್ಯ ಕಾರಣಗಳು. ಮೊದಲು ಟೈರಿನ ಗಾಳಿಯನ್ನು ಸರಿಪಡಿಸಿ ನೋಡುವುದು ಸುಲಭದ ಹಾದಿ.

ಕಣ್ಣಿಗೆ ಕಾಣುವ ಲಕ್ಷಣಗಳಲ್ಲಿ ಮೊದಲನೆಯದು ಚಾಲಕನ ಎದುರಿನ ಕೆಂಪು ದೀಪ. ಹ್ಯಾಂಡ್ ಬ್ರೇಕು ಬಿಟ್ಟ ಮೇಲೂ ಅದು ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಕಡಮೆಯಾಗಿರುವ ಸಂಭವವಿದೆ. ಪ್ಯಾಡುಗಳು ಸವೆದಂತೆ ಆಯಿಲ್ ಮಟ್ಟ ಬಹು ನಿಧಾನವಾಗಿ ಇಳಿಯುವುದು ಸಹಜ. ಬೇಗಬೇಗನೆ ಇಳಿದರೆ ಸೋರಿಕೆಯಿದೆಯೆಂದೇ ತಿಳಿಯಬೇಕು. ಕಾರು ನಿಂತಿದ್ದ ನೆಲದ ಮೇಲೆ, ಚಕ್ರದ ಒಳಬದಿಯಲ್ಲಿ, ಕೊಳವೆಗಳ ಕೀಲುಗಳಲ್ಲಿ ಜಿಡ್ಡಿನ ಕಲೆ ಇದೆಯೇ ಎಂದು ನೋಡಬೇಕು.

ಮೂಗಿಗೆ ತಿಳಿಯುವುದು ಸುಟ್ಟ ವಾಸನೆ. ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಒಂದು ಚಕ್ರದಿಂದ ಮಾತ್ರ ಬಿಸಿಯೂ ವಾಸನೆಯೂ ಬಂದರೆ ಆ ಬ್ರೇಕು ಬಿಟ್ಟ ಮೇಲೂ ಹಿಡಿದುಕೊಂಡೇ ಇದೆ. ಇಂಥ ಚಕ್ರವನ್ನು ಕೈಯಿಂದ ಮುಟ್ಟಬಾರದು. ಅಂಗೈಯನ್ನು ಹತ್ತಿರ ಹಿಡಿದರೆ ಕಾವು ತಿಳಿಯುತ್ತದೆ.

ಘಟ್ಟದ ಇಳಿಜಾರಿನಲ್ಲಿ

ಬಯಲುಸೀಮೆಯಲ್ಲಿ ಮರೆಯಾಗಿದ್ದ ದೋಷವನ್ನು ಘಟ್ಟವು ಬಯಲಿಗೆಳೆಯುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿಗಳಂಥ ಘಟ್ಟವನ್ನು ಇಳಿಯುವ ಸಾವಿರ ಕಿಲೋಗ್ರಾಮಿನ ಕಾರು ಎತ್ತರದಲ್ಲಿ 500 ಮೀಟರು ಇಳಿಯಿತೆಂದರೆ ಅದು 49 ಲಕ್ಷ ಜೌಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. 72 ಕಿ.ಮೀ. ವೇಗದ ಕಾರನ್ನು ಇಪ್ಪತ್ತನಾಲ್ಕು ಬಾರಿ ಸಂಪೂರ್ಣ ನಿಲ್ಲಿಸಿದಾಗ ಹುಟ್ಟುವಷ್ಟು ಶಾಖವಿದು. ಈ ಹೊರೆಯನ್ನೆಲ್ಲ ಬ್ರೇಕಿನ ಮೇಲೆಯೇ ಹೇರಿದರೆ ಎರಡು ಬಗೆಯ ಅಪಾಯ ಒದಗುತ್ತದೆ.

ಮೊದಲನೆಯದು, ಪ್ಯಾಡು ಅತಿಯಾಗಿ ಕಾದು ಅದರ ಘರ್ಷಣಾಗುಣ ಕುಂದುವುದು. ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ. ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೆಯದು, ಬ್ರೇಕ್ ಆಯಿಲ್ ಕುದಿಯುವುದು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ನಿಯಮ. ತೇವ ಸೇರಿದ ಆಯಿಲಿಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ದರ್ಜೆಗೆ ಈ ಅಂಕಿಗಳು 205 ಮತ್ತು 140. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಪೆಡಲು ತಳಕ್ಕೆ ಬೀಳುತ್ತದೆ. ಎಷ್ಟೋ ವರ್ಷ ಬದಲಾಯಿಸದ ಆಯಿಲ್ ಊರೊಳಗೆ ಚೆನ್ನಾಗಿಯೇ ಕೆಲಸಮಾಡಿ ಘಟ್ಟದ ತಿರುವಿನಲ್ಲಿ ಮೋಸಮಾಡುವುದು ಹೀಗೆ.

ಘಟ್ಟವನ್ನು ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರಿನಲ್ಲಿರಬೇಕೆಂಬುದು ಹಿಂದಿನ ಚಾಲಕರ ಸೂತ್ರ. ಆಗ ಎಂಜಿನ್ನೇ ಹೊರೆಯ ಬಹುಭಾಗವನ್ನು ಹೊರುತ್ತದೆ. ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ಪ್ರಾಣಕ್ಕೆ ಎರವಾದುದು. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನದ ಸರಬರಾಜನ್ನು ತಾವೇ ನಿಲ್ಲಿಸುವುದರಿಂದ ಆ ಆಸೆಗೂ ಅರ್ಥವಿಲ್ಲ. ಸುಟ್ಟ ವಾಸನೆ ಬಂದರೆ ವಿಶಾಲವಾದ ಎಡೆಯಲ್ಲಿ ನಿಲ್ಲಿಸಿ ಬ್ರೇಕುಗಳು ತಾವಾಗಿ ತಣಿಯಲು ಬಿಡಬೇಕು. ಕಾದ ಡಿಸ್ಕಿಗೆ ನೀರು ಸುರಿಯಬಾರದು.

ಕೈಕೊಟ್ಟ ಗಳಿಗೆಯಲ್ಲಿ

ಓಡುವಾಗಲೇ ಪೆಡಲು ತಳಕ್ಕೆ ಬಿದ್ದರೆ ಅದನ್ನು ಬೇಗಬೇಗನೆ ಹಲವು ಬಾರಿ ಒತ್ತಬೇಕು. ಅಷ್ಟಿಷ್ಟು ಒತ್ತಡ ಮರಳಬಹುದು. ಒಂದೊಂದೇ ಗೇರು ಇಳಿಸುತ್ತ ವೇಗವನ್ನು ತಗ್ಗಿಸಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಲೆ ಎಳೆಯದೆ ಹಂತಹಂತವಾಗಿ ಎಳೆಯಬೇಕು. ಒಮ್ಮೆಲೆ ಎಳೆದರೆ ಹಿಂದಿನ ಚಕ್ರಗಳು ಬಿಗಿದು ಕಾರು ತಿರುಗಿಬೀಳಬಹುದು. ಹಾರ್ನು, ದೀಪಗಳಿಂದ ಇತರರನ್ನು ಎಚ್ಚರಿಸಬೇಕು. ಕೀಲಿಯನ್ನು ತಿರುಗಿಸಿ ಎಂಜಿನ್ ನಿಲ್ಲಿಸುವುದು ಸಲ್ಲದು. ಸ್ಟಿಯರಿಂಗಿನ ನೆರವು ತಪ್ಪುತ್ತದೆ, ಕೀಲಿ ಹೊರಬಂದರೆ ಸ್ಟಿಯರಿಂಗೇ ಬಿಗಿದುಕೊಳ್ಳಬಹುದು.

ಪಾಲನೆಯ ಹೊಣೆ

ಹೊರಡುವ ಮುನ್ನ ಪೆಡಲನ್ನೊಮ್ಮೆ ಒತ್ತಿ ನೋಡುವುದು, ವಾರಕ್ಕೊಮ್ಮೆ ಆಯಿಲ್ ಮಟ್ಟವನ್ನು ಕಾಣುವುದು, ಸರ್ವಿಸಿನ ಕಾಲಕ್ಕೆ ಪ್ಯಾಡು, ಲೈನಿಂಗುಗಳ ದಪ್ಪವನ್ನು ಅಳೆಯಿಸುವುದು, ತಯಾರಕರು ಹೇಳಿದ ಅವಧಿಗೆ, ಸಾಧಾರಣವಾಗಿ ಎರಡು ವರ್ಷಕ್ಕೊಮ್ಮೆ, ಆಯಿಲನ್ನು ಬದಲಾಯಿಸುವುದು – ಇಷ್ಟು ನಿಯಮವಿದ್ದರೆ ಸಾಕು. ಬ್ರೇಕ್ ಆಯಿಲಿನ ಜಾಗಕ್ಕೆ ಎಂಜಿನ್ ಆಯಿಲನ್ನು ಹನಿಯಷ್ಟೂ ಹಾಕಬಾರದು. ಅದು ರಬ್ಬರು ಸೀಲುಗಳನ್ನು ಉಬ್ಬಿಸಿ ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ. ಹಳ್ಳದ ನೀರನ್ನು ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರವಾಗಿ ಒತ್ತಿ ಬ್ರೇಕುಗಳನ್ನು ಒಣಗಿಸಿಕೊಳ್ಳಬೇಕು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇರುವ ಸಂಭವವುಂಟಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು.

1988ರ ಮೋಟಾರು ವಾಹನಗಳ ಕಾಯಿದೆಯ 190ನೆಯ ಕಲಮು, ತಿಳಿದ ಇಲ್ಲವೆ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ಅಪಾಯಕರ ದೋಷವುಳ್ಳ ವಾಹನವನ್ನು ಓಡಿಸುವವನನ್ನಷ್ಟೇ ಅಲ್ಲ, ಓಡಿಸಗೊಟ್ಟವನನ್ನೂ ಹೊಣೆಮಾಡುತ್ತದೆ. ಸ್ವಂತ ಕಾರಿನ ಒಡೆಯರಿಗೂ, ಮಕ್ಕಳನ್ನು ಕರೆತರುವ ಶಾಲಾವಾಹನವನ್ನು ನಡೆಸುವ ಸಂಸ್ಥೆಗಳಿಗೂ ಇದು ಸಮಾನವಾಗಿ ಅನ್ವಯಿಸುವ ಮಾತು. ಲಕ್ಷಣಗಳು ಮೊದಲು ತಿಳಿಯುವುದು ಚಾಲಕನಿಗೆ. ದುರಸ್ತಿಗೆ ಹಣ ಕೊಡಬೇಕಾದವರು ಬೇರೆಯವರು. “ಬ್ರೇಕು ಯಾಕೋ ಸರಿಯಿಲ್ಲ” ಎಂದು ಚಾಲಕನು ಹೇಳಿದಾಗ “ಈ ತಿಂಗಳು ಹೇಗೋ ಓಡಲಿ” ಎಂಬ ಉತ್ತರ ಬರುವ ಕಡೆಯಲ್ಲಿ, ಮುಂದಿನ ಬಾರಿ ಅವನು ಹೇಳುವುದನ್ನೇ ಬಿಡುತ್ತಾನೆ. ಚಾಲಕನ ದೂರನ್ನು ಪುಸ್ತಕದಲ್ಲಿ ಬರೆದಿಟ್ಟು ಅಂದೇ ವಾಹನವನ್ನು ಪರೀಕ್ಷೆಗೆ ಕಳುಹಿಸುವ ಪದ್ಧತಿ ಯಾವ ಉಪಕರಣಕ್ಕಿಂತಲೂ ದೊಡ್ಡ ರಕ್ಷಣೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಬ್ರೇಕಿನ ವಿಷಯದಲ್ಲಿ ಅಕ್ಷರಶಃ ನಿಜ. ಒಂದು ಜೊತೆ ಪ್ಯಾಡು, ಒಂದು ಡಬ್ಬಿ ಆಯಿಲ್, ಅರ್ಧ ದಿನದ ದುರಸ್ತಿ – ಇವುಗಳ ಬೆಲೆ ಅಲ್ಪ. ವಾಹನವು ತಾನಾಗಿ ಕೊಡುವ ಸೂಚನೆಗೆ ಕಿವಿಗೊಡುವವರ ಮನೆಮಂದಿ ಸಂಜೆ ಬಾಗಿಲಲ್ಲಿ ನಿಶ್ಚಿಂತೆಯಿಂದ ಕಾಯಬಹುದು.