ಅಂಕಪಟ್ಟಿಗೊಂದು ಕತ್ತರಿ

ತರಗತಿಯ ಅಂಕಪಟ್ಟಿಯಿಂದ ಗಣಿತದ ಅಂಕಗಳನ್ನಷ್ಟೇ ಬೇರ್ಪಡಿಸಬೇಕೆನ್ನಿ. ಕಾಗದದ ಮೇಲಾದರೆ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ನೋಡಿ ಬರೆದುಕೊಳ್ಳುತ್ತೇವೆ. ಯುನಿಕ್ಸ್, ಲಿನಕ್ಸ್ ಗಣಕಗಳಲ್ಲಿ ಈ ಕೆಲಸಕ್ಕೆ ‘ಕಟ್’ ಎಂಬ ಪುಟ್ಟ ಆದೇಶವಿದೆ.

ಯುನಿಕ್ಸ್ ರೂಪುಗೊಂಡದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, 1969ರಲ್ಲಿ. ಒಂದು ಸಲಕರಣೆ ಒಂದೇ ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ ಎಂಬುದು ಅದನ್ನು ಕಟ್ಟಿದವರ ಧೋರಣೆ. ‘ಕಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಕಡತದ ಪ್ರತಿ ಸಾಲಿನಿಂದ ಕೇಳಿದ ಭಾಗವನ್ನಷ್ಟೇ ಅದು ತೆರೆಯ ಮೇಲೆ ತೋರಿಸುತ್ತದೆ. ಹೆಸರು ಕತ್ತರಿಯದಾದರೂ ಮೂಲ ಕಡತಕ್ಕೆ ಏನೂ ಆಗುವುದಿಲ್ಲ.

ನಮ್ಮ ಕಡತದ ಒಂದು ಸಾಲು ಹೀಗಿರಲಿ:

17,ಸವಿತಾ,68,82

ಕ್ರಮಸಂಖ್ಯೆ, ಹೆಸರು, ವಿಜ್ಞಾನ, ಗಣಿತ – ಒಟ್ಟು ನಾಲ್ಕು ಅಂಕಣಗಳು; ನಡುವೆ ಅಲ್ಪವಿರಾಮ. ಆದೇಶದಲ್ಲಿ ‘ಡಿ’ ಎಂಬ ಸೂಚನೆಯ ಮುಂದೆ ಅಂಕಣಗಳನ್ನು ಬೇರ್ಪಡಿಸುವ ಚಿಹ್ನೆಯನ್ನೂ, ‘ಎಫ್’ ಎಂಬುದರ ಮುಂದೆ ಬೇಕಾದ ಅಂಕಣದ ಸಂಖ್ಯೆಯನ್ನೂ ಕೊಡಬೇಕು. ಅಲ್ಪವಿರಾಮ ಮತ್ತು 4 ಎಂದು ಕೊಟ್ಟರೆ 82 ಬರುತ್ತದೆ. ಸಾಲು ನಲವತ್ತಿರಲಿ, ನಲವತ್ತು ಸಾವಿರವಿರಲಿ, ಆದೇಶ ಒಂದೇ.

ಇಷ್ಟು ಸುಲಭವೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಮ್ಮೆ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು:

18,ಮಂಜುನಾಥ,ಕೆ,35,91

ಹೆಸರಿಗೂ ಇನಿಷಿಯಲ್‌ಗೂ ನಡುವೆ ಯಾರೋ ಅಲ್ಪವಿರಾಮ ಹಾಕಿದ್ದರು. ಅಂಕಣಗಳು ಐದಾದವು. ನಾಲ್ಕನೆಯದಾಗಿ ಬಂದದ್ದು ವಿಜ್ಞಾನದ 35! ಗಣಿತದಲ್ಲಿ 91 ಗಳಿಸಿದ ಹುಡುಗ ಆ ಪಟ್ಟಿಯಲ್ಲಿ ಹೇಗೋ ಪಾಸಾದವನಂತೆ ಕಂಡ. ಗಣಕ ಯಾವ ಎಚ್ಚರಿಕೆಯನ್ನೂ ನೀಡಲಿಲ್ಲ. ಹುಡುಗನೇ ಬಂದು, “ಸಾರ್, ನನ್ನ ಲೆಕ್ಕ ಸರಿ ಇತ್ತಲ್ಲ?” ಎಂದು ಕೇಳಿದಾಗಲೇ ತಪ್ಪು ತಿಳಿದದ್ದು. ಕೇಳುವ ಧೈರ್ಯವಿಲ್ಲದ ಮಗುವಾಗಿದ್ದರೆ?

ತಪ್ಪು ‘ಕಟ್’ನದಲ್ಲ. ಅದು ಚಿಹ್ನೆಗಳನ್ನು ಎಣಿಸುತ್ತದೆಯೇ ಹೊರತು ಅರ್ಥವನ್ನು ಓದುವುದಿಲ್ಲ. ಚಿಹ್ನೆಯೇ ಇಲ್ಲದ ಸಾಲು ಸಿಕ್ಕರೆ ಇಡೀ ಸಾಲನ್ನೇ ಮುಂದಿಡುತ್ತದೆ. ಅಂಥವನ್ನು ಬಿಡಲು ‘ಎಸ್’ ಎಂದು ಸೂಚಿಸಬೇಕು.

ಆದ್ದರಿಂದ ಕತ್ತರಿಸುವ ಮೊದಲು ಪ್ರತಿ ಸಾಲಿನಲ್ಲಿ ಎಷ್ಟು ಅಂಕಣಗಳಿವೆ ಎಂದು ನೋಡಬೇಕು. 1977ರಲ್ಲಿ ರೂಪುಗೊಂಡ ‘ಆಕ್’ ಎಂಬ ಇನ್ನೊಂದು ಸಲಕರಣೆ ಈ ಎಣಿಕೆಯನ್ನು ಕ್ಷಣದಲ್ಲಿ ಕೊಡುತ್ತದೆ. ಎಲ್ಲ ಸಾಲುಗಳಲ್ಲೂ ನಾಲ್ಕೇ ಬಂದರೆ ಮುಂದುವರಿಯಬಹುದು. ಎಲ್ಲಾದರೂ ಐದು ಕಂಡರೆ ಆ ಸಾಲನ್ನು ಕಣ್ಣಾರೆ ನೋಡಲೇಬೇಕು.

ವಿದ್ಯಾರ್ಥಿಗಳೇ, ಲೆಕ್ಕ ಮಾಡಿದ ಮೇಲೆ ತಾಳೆ ನೋಡಿ ಎಂದು ನಿಮಗೆ ಹೇಳುತ್ತಲೇ ಇರುತ್ತೇವೆ. ಗಣಕ ಮಾಡಿದ ಲೆಕ್ಕಕ್ಕೂ ಆ ಮಾತು ಅನ್ವಯಿಸುತ್ತದೆ.